ಉಂಡು ದಿವಾಳಿಯೇಳುವ ಊರು

ಜಪಾನಿನಲ್ಲಿ ಹಳೆಯ ಗಾದೆಯೊಂದುಂಟು. ಕ್ಯೋಟೋ ನಗರದವರು ಉಟ್ಟು ಹಾಳಾಗುವರು, ಒಸಾಕಾ ನಗರದವರು ಉಂಡು ಹಾಳಾಗುವರು ಎಂಬುದು ಅದರ ತಾತ್ಪರ್ಯ. ರೇಷ್ಮೆಯ ಮೋಹದಿಂದ ಒಂದೂರಿನ ಗಂಟು ಕರಗಿದರೆ, ನಾಲಗೆಯ ಚಾಪಲ್ಯದಿಂದ ಇನ್ನೊಂದೂರಿನ ಗಂಟು ಕರಗಿತಂತೆ. ಉಂಡು ದಿವಾಳಿಯೇಳುವುದಕ್ಕೆ ಒಸಾಕಾದಲ್ಲಿ ‘ಕುಯಿದಾವೊರೆ’ ಎಂಬ ಪದವೇ ಇದೆ. ಬೇರೆ ಊರಿನವರಾಗಿದ್ದರೆ ಈ ಬಿರುದನ್ನು ಕೇಳಿ ಮುನಿಯುತ್ತಿದ್ದರು. ಒಸಾಕಾದವರು ಅದನ್ನು ಹೆಮ್ಮೆಯಿಂದ ಅಂಗಡಿಯ ಹಲಗೆಯ ಮೇಲೆ ಬರೆಯಿಸಿಕೊಂಡರು.

ಆದರೆ ಗಾದೆಯನ್ನಷ್ಟೇ ನಂಬಿ ಕಿಸೆಯ ತುಂಬ ಹಣವಿರಿಸಿಕೊಂಡು ಹೋಗುವ ಪ್ರವಾಸಿಯು ಆ ಊರನ್ನು ಅರ್ಧ ಮಾತ್ರ ಕಂಡು ಮರಳುವನು. ಆ ಊರಿನ ವರ್ತಕರ ಮನೆಗಳಲ್ಲಿ ಇನ್ನೊಂದು ಪದವೂ ತಲೆಮಾರುಗಳಿಂದ ನಡೆದುಬಂದಿದೆ: ‘ಶಿಮಾತ್ಸು’. ಮೊದಲು ಮತ್ತು ಕೊನೆ ಎಂಬ ಎರಡು ಅಕ್ಷರಗಳು ಸೇರಿ ಆದ ಪದವಿದು. ಕೈಗೆ ಬಂದ ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಬಳಸು, ಏನನ್ನೂ ವ್ಯರ್ಥಮಾಡಬೇಡ ಎಂಬುದು ವರ್ತಕರು ಅದಕ್ಕೆ ಕೊಟ್ಟ ಅರ್ಥ. ಉಂಡು ಹಾಳಾಗುವವರೆಂದು ಹೆಸರು ಪಡೆದವರು ವಾಸ್ತವವಾಗಿ ಮೀನಿನ ಮುಳ್ಳನ್ನೂ ಎಸೆಯದ ಲೆಕ್ಕದ ಜನ. ಈ ಎರಡು ಪದಗಳನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ನಡೆದವನಿಗೆ ಮಾತ್ರ ಒಸಾಕಾ ತನ್ನ ಅಡುಗೆಮನೆಯ ಬಾಗಿಲನ್ನು ತೆರೆಯುತ್ತದೆ.

ದೇಶದ ಉಗ್ರಾಣ

ಕಳೆದ ನಾಲ್ಕು ಶತಮಾನಗಳಿಂದ ಒಸಾಕಾ ವರ್ತಕರ ಊರು. 1583ರಲ್ಲಿ ತೊಯೊತೊಮಿ ಹಿದೆಯೊಶಿಯು ಅಲ್ಲಿ ತನ್ನ ಕೋಟೆಯನ್ನು ಕಟ್ಟಿಸತೊಡಗಿದಾಗ ಅದರ ಸುತ್ತ ಪೇಟೆಯೂ ಬೆಳೆಯಿತು. 1615ರಲ್ಲಿ ಅವನ ವಂಶವು ಯುದ್ಧದಲ್ಲಿ ಅಳಿದು ಅಧಿಕಾರವೆಲ್ಲ ಎದೋ, ಅಂದರೆ ಇಂದಿನ ಟೋಕಿಯೋದ ತೊಕುಗಾವಾ ಮನೆತನದ ಪಾಲಾಯಿತು. ದಂಡು, ದರ್ಬಾರು ಎದೋ ನಗರಕ್ಕೆ ಸಂದವು. ತಕ್ಕಡಿ ಒಸಾಕಾದಲ್ಲಿ ಉಳಿಯಿತು. ಪಾಳೆಯಗಾರರು ಕಂದಾಯವೆಂದು ಪಡೆದ ಅಕ್ಕಿಯು ದೋಣಿಗಳಲ್ಲಿ ಇಲ್ಲಿಗೆ ಬಂದು, ನದಿಯ ನಡುಗಡ್ಡೆಯಾದ ನಕನೊಶಿಮಾದ ಆಸುಪಾಸಿನ ಉಗ್ರಾಣಗಳಲ್ಲಿ ತುಂಬಿ, ಇಲ್ಲಿಯೇ ಹಣವಾಗಿ ಮಾರ್ಪಡುತ್ತಿದ್ದಿತು. 1730ರಲ್ಲಿ ಸರ್ಕಾರದ ಮನ್ನಣೆ ಪಡೆದ ದೋಜಿಮಾ ಅಕ್ಕಿಪೇಟೆಯಲ್ಲಿ ಮುಂದಿನ ದಿನಗಳ ಅಕ್ಕಿಯನ್ನೂ ಇಂದೇ ಕೊಂಡು ಮಾರುವ ವ್ಯವಹಾರ ನಡೆಯುತ್ತಿದ್ದಿತು. ಜಗತ್ತಿನ ಮೊದಲ ವ್ಯವಸ್ಥಿತ ವಾಯಿದೆ ಪೇಟೆ ಅದೇ ಎಂದು ಅರ್ಥಶಾಸ್ತ್ರಜ್ಞರು ಹೇಳುವರು. ಅಲ್ಲಿಯ ದರವನ್ನು ಗುಡ್ಡದಿಂದ ಗುಡ್ಡಕ್ಕೆ ಬಾವುಟ ಬೀಸಿ ದೂರದ ಊರುಗಳಿಗೆ ಮುಟ್ಟಿಸುತ್ತಿದ್ದರು. ಹೀಗೆ ಒಸಾಕಾ ‘ದೇಶದ ಅಡುಗೆಮನೆ’ ಎನಿಸಿಕೊಂಡಿತು.

ಊಟಕ್ಕೆ ಮುನ್ನ ಪ್ರವಾಸಿಯು ಒಂದು ಬೆಳಗನ್ನು ನಕನೊಶಿಮಾಕ್ಕೆ ಮೀಸಲಿಡುವುದು ಒಳ್ಳೆಯದು. ಅಲ್ಲಿಯ ಕೆಂಪು ಇಟ್ಟಿಗೆಯ ಸಾರ್ವಜನಿಕ ಸಭಾಭವನಕ್ಕೆ ಒಂದು ಕಥೆಯುಂಟು. ಇವಾಮೊತೊ ಐನೊಸುಕೆ ಎಂಬ ಷೇರುಪೇಟೆಯ ದಲ್ಲಾಳಿಯು 1911ರಲ್ಲಿ ನಗರಕ್ಕೆ 10 ಲಕ್ಷ ಯೆನ್ ದಾನಮಾಡಿದನು. ಆ ಕಾಲಕ್ಕೆ ಅದೊಂದು ಅಪಾರವಾದ ಮೊತ್ತ. ಭವನದ ಕಟ್ಟಡ ಏಳುತ್ತಿರುವಾಗಲೇ ಅವನ ವ್ಯಾಪಾರ ಮುರಿದುಬಿದ್ದಿತು. ಕೊಟ್ಟ ಹಣದಲ್ಲಿ ಸ್ವಲ್ಪವನ್ನಾದರೂ ಹಿಂದಕ್ಕೆ ಪಡೆಯೆಂದು ಆಪ್ತರು ಹೇಳಿದರಂತೆ. ಕೊಟ್ಟುದನ್ನು ಮರಳಿ ಕೇಳುವುದು ಒಸಾಕಾದ ವರ್ತಕನಿಗೆ ನಾಚಿಕೆಗೇಡೆಂದು ಅವನು ಒಪ್ಪಲಿಲ್ಲವಂತೆ. 1916ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಭವನವು ಮುಗಿದದ್ದು 1918ರಲ್ಲಿ; ದಾತನು ಅದನ್ನು ನೋಡಲಿಲ್ಲ. ಒಸಾಕಾದ ಹಣವೆಲ್ಲ ಹೊಟ್ಟೆಗೇ ಹೋಯಿತೆಂಬ ಗಾದೆಯ ಮಾತು ಪೂರ್ಣ ಸತ್ಯವಲ್ಲವೆಂಬುದಕ್ಕೆ ಆ ಕಟ್ಟಡವೇ ಸಾಕ್ಷಿಯಾಗಿ ನಿಂತಿದೆ.

ತಿಳಿಸಾರಿನ ಗುಟ್ಟು

ಒಸಾಕಾದ ರುಚಿಯ ತಾಯಿಬೇರು ‘ದಾಶಿ’ ಎಂಬ ತಿಳಿಸಾರು. ಅದಕ್ಕೆ ಮುಖ್ಯವಾದುದು ‘ಕೊಂಬು’. ಕನ್ನಡದ ಕೊಂಬಿಗೂ ಇದಕ್ಕೂ ಸಂಬಂಧವಿಲ್ಲ; ಇದು ಉತ್ತರದ ಹೊಕ್ಕೈದೋ ದ್ವೀಪದ ತಣ್ಣನೆಯ ಕಡಲಿನಲ್ಲಿ ಬೆಳೆಯುವ ಅಗಲವಾದ ಪಟ್ಟಿಯಂತಹ ಕಡಲ ಸಸ್ಯ. 17ನೆಯ ಶತಮಾನದಲ್ಲಿ ಪಶ್ಚಿಮ ತೀರದ ಹಡಗು ಮಾರ್ಗ ತೆರೆದ ಮೇಲೆ, ಒಣಗಿಸಿದ ಕೊಂಬು ಹೊರೆಹೊರೆಯಾಗಿ ಒಸಾಕಾಕ್ಕೆ ಬಂದಿಳಿಯತೊಡಗಿತು. ನೂರಾರು ಮೈಲಿ ದೂರದ ಕಡಲಿನ ಬೆಳೆಯು ಅದು ಬೆಳೆಯದ ಊರಿನ ಅಡುಗೆಗೆ ಜೀವವಾಯಿತು. ಪಕ್ಕದ ಸಕಾಯಿ ಪಟ್ಟಣದ ಕಮ್ಮಾರರು ಕತ್ತಿಗಳಿಗೆ ಹೆಸರಾದವರು; ಅವರ ಹರಿತವಾದ ಅಲಗಿನಿಂದ ಕೊಂಬನ್ನು ಎಳೆಎಳೆಯಾಗಿ ಹೆರೆಯುವ ಕಸುಬೂ ಅಲ್ಲಿ ಬೆಳೆಯಿತು.

ಕೊಂಬನ್ನು ನೀರಿನಲ್ಲಿ ನೆನೆಯಿಟ್ಟು ಕಾಯಿಸಿ, ಕುದಿ ಬರುವ ಮುನ್ನವೇ ಹೊರತೆಗೆಯುವರು. ಬಳಿಕ, ಹೊಗೆಯಲ್ಲಿ ಒಣಗಿಸಿ ಕಾಗದದಷ್ಟು ತೆಳ್ಳಗೆ ಹೆರೆದ ಕತ್ಸುವೊ ಮೀನಿನ ಎಸಳುಗಳನ್ನು ಅದರಲ್ಲಿ ಹಾಕಿ ಸೋಸುವರು. ದೊರೆಯುವುದು ಚಿನ್ನದ ಬಣ್ಣದ ತಿಳಿನೀರು. ಮಸಾಲೆಯಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಹಾಗಿದ್ದರೂ ನಾಲಗೆಯನ್ನು ತುಂಬಿಕೊಳ್ಳುವ ಗುಣ ಅದಕ್ಕುಂಟು. ಆ ಗುಣವೇನೆಂದು ಹುಡುಕಿದವರು ಇಕೆದಾ ಕಿಕುನಾಯೆ ಎಂಬ ರಸಾಯನ ವಿಜ್ಞಾನಿ. 1908ರಲ್ಲಿ ಅವರು ಕೊಂಬಿನಿಂದ ಗ್ಲುಟಮೇಟ್ ಎಂಬ ದ್ರವ್ಯವನ್ನು ಬೇರ್ಪಡಿಸಿ, ಅದರ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು.

ಇನ್ನು ಶಿಮಾತ್ಸುವಿನ ಮಾತು. ಸಾರು ತೆಗೆದ ಕೊಂಬನ್ನು ಎಸೆಯುವುದುಂಟೆ? ಅದನ್ನು ಸಣ್ಣಗೆ ಹೆಚ್ಚಿ ಸೋಯಾ ರಸದಲ್ಲಿ ಕುದಿಸಿ, ಅನ್ನಕ್ಕೆ ನಂಜಿಕೊಳ್ಳುವ ವ್ಯಂಜನ ಮಾಡುವರು. ವರ್ತಕರ ಕೇರಿಯಾದ ಸೆನ್‌ಬಾದಲ್ಲಿ ಹುಟ್ಟಿದ ಸೆನ್‌ಬಾ ಸಾರಿನ ಮೂಲವೂ ಇದೇ. ಉಪ್ಪು ಹಚ್ಚಿದ ಬಂಗುಡೆ ಜಾತಿಯ ಮೀನನ್ನು ತಿಂದು ಉಳಿದ ತಲೆ ಮುಳ್ಳುಗಳಿಗೆ ಮೂಲಂಗಿಯನ್ನು ಸೇರಿಸಿ ಕುದಿಸಿದ ಸಾರು ಅದು. ಅಂಗಡಿಯ ಆಳುಗಳಿಗೆ ಬಡಿಸುತ್ತಿದ್ದ ಆ ಬಡ ಸಾರು ಇಂದು ಒಳ್ಳೆಯ ಭೋಜನಗೃಹಗಳಲ್ಲಿಯೂ ಗೌರವದ ಸ್ಥಾನ ಪಡೆದಿದೆ.

ಮೊದಲ ಊಟಕ್ಕೆ ಹೊಸಬನು ದೊಡ್ಡ ಹೋಟೆಲನ್ನು ಹುಡುಕಬೇಕಾದುದಿಲ್ಲ. ರೈಲು ನಿಲ್ದಾಣದ ಬದಿಯಲ್ಲಿ ನಿಂತು ಉಣ್ಣುವ ಅಂಗಡಿಯಲ್ಲಿ ಒಂದು ಬಟ್ಟಲು ‘ಉದೊನ್’, ಅಂದರೆ ದಪ್ಪನಾದ ಗೋಧಿಯ ಶಾವಿಗೆ, ಕೇಳಿದರೆ ಸಾಕು. ಸಿಹಿಯಾಗಿ ಬೇಯಿಸಿದ ಕರಿದ ತೋಫುವಿನ ತುಂಡನ್ನು ಮೇಲಿಟ್ಟರೆ ಅದು ‘ಕಿತ್ಸುನೆ ಉದೊನ್’, ಎಂದರೆ ನರಿಯ ಉದೊನ್. ನರಿಗೆ ಕರಿದ ತೋಫು ಪ್ರಿಯವೆಂಬ ಜನರ ನಂಬಿಕೆಯಿಂದ ಬಂದ ಹೆಸರಿದು. 1893ರಲ್ಲಿ ಆರಂಭವಾದ ಒಸಾಕಾದ ಒಂದು ಅಂಗಡಿಯಲ್ಲಿ ಈ ತಿನಿಸು ಹುಟ್ಟಿತೆಂದು ಹೇಳುವರು. ಟೋಕಿಯೋದ ಸಾರು ಕಪ್ಪು, ಒಸಾಕಾದ ಸಾರು ತಿಳಿ. ಈ ಭೇದ ಎಷ್ಟು ಗಟ್ಟಿಯೆಂದರೆ, ಪೊಟ್ಟಣದ ಉದೊನ್ ಮಾರುವ ಕಾರ್ಖಾನೆಯವರೂ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ರುಚಿಯನ್ನು ತಯಾರಿಸುತ್ತಾರೆ. ಶಾವಿಗೆಯನ್ನು ಸದ್ದುಮಾಡಿ ಹೀರುವುದು ಅಲ್ಲಿ ಅಸಭ್ಯವಲ್ಲ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಮಾತ್ರ ಮಹಾ ಅಪರಾಧ. ಅದು ಸತ್ತವರಿಗೆ ಎಡೆಯಿಡುವ ರೀತಿ.

ಶಾಕಾಹಾರಿಯ ಪಾಡು

ಇಷ್ಟನ್ನು ಓದುವಷ್ಟರಲ್ಲಿ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿರಬಹುದು: ಮೀನು ಮಾಂಸ ಮುಟ್ಟದವರು ಅಲ್ಲಿ ಏನನ್ನು ತಿನ್ನಬೇಕು? ಪ್ರಶ್ನೆ ನ್ಯಾಯವಾದುದೇ. ತಿಳಿಸಾರಿನಲ್ಲಿ ಮೀನಿನ ಎಸಳು ಸೇರಿರುವುದರಿಂದ, ಕಣ್ಣಿಗೆ ಕೇವಲ ತರಕಾರಿಯಾಗಿ ಕಾಣುವ ಪದಾರ್ಥವೂ ಶಾಕಾಹಾರವಾಗಿರುವುದಿಲ್ಲ. ಮೇಲೆ ಹೇಳಿದ ನರಿಯ ಉದೊನ್ ಕೂಡ ಹಾಗೆಯೇ. ಬಡಿಸುವವರು ಮೋಸಗಾರರಲ್ಲ, ಮಾಂಸವಿಲ್ಲವೆಂದರೆ ಮೀನೂ ಇಲ್ಲವೆಂದು, ಮೀನಿಲ್ಲವೆಂದರೆ ಅದರ ಸಾರೂ ಇಲ್ಲವೆಂದು ಅವರು ತಿಳಿಯುವುದಿಲ್ಲ, ಅಷ್ಟೆ. ಆದುದರಿಂದ ಶಾಕಾಹಾರಿಯು ಮೂರು ಪದಗಳನ್ನು ಬಾಯಿಪಾಠ ಮಾಡಿರಬೇಕು: ‘ನಿಕು’ ಎಂದರೆ ಮಾಂಸ, ‘ಸಕಾನಾ’ ಎಂದರೆ ಮೀನು, ‘ಕತ್ಸುವೊ ದಾಶಿ’ ಎಂದರೆ ಮೀನಿನ ತಿಳಿಸಾರು. ಈ ಮೂರೂ ಬೇಡವೆಂದು ಜಪಾನೀ ಲಿಪಿಯಲ್ಲಿ ಬರೆಯಿಸಿದ ಒಂದು ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡರೆ ಇನ್ನೂ ಉತ್ತಮ. ಜನದಟ್ಟಣೆಯ ವೇಳೆಯನ್ನು ಬಿಟ್ಟು, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ತೋರಿಸಿದರೆ ಅಡುಗೆಯವನಿಗೂ ಓದಲು ಸಮಯವಿರುತ್ತದೆ.

ಸೌತೆಕಾಯಿ ಇಟ್ಟು ಸುತ್ತಿದ ಕಪ್ಪಾಮಾಕಿ, ಉಪ್ಪು ಹಾಕಿ ಬೇಯಿಸಿದ ಎಳೆಯ ಸೋಯಾ ಕಾಯಿ, ಹುಳಿಯಾದ ಉಮೆ ಹಣ್ಣನ್ನಿಟ್ಟ ಅನ್ನದ ಉಂಡೆ, ಚಳಿಗಾಲದಲ್ಲಿ ಬಿಸಿ ಕಲ್ಲಿನ ಮೇಲೆ ಸುಟ್ಟ ಸಿಹಿಗೆಣಸು, ಇವು ಸಾಮಾನ್ಯವಾಗಿ ಕೈಬಿಡದ ಆಹಾರಗಳು. ತಣ್ಣನೆಯ ತೋಫುವನ್ನು ತರಿಸುವಾಗ ಮೇಲೆ ಮೀನಿನ ಎಸಳು ಉದುರಿಸಬೇಡವೆಂದು ಹೇಳಲು ಮರೆಯಬಾರದು. ಒಸಾಕಾದಲ್ಲಿಯೂ ಪಕ್ಕದ ಕೋಬೆಯಲ್ಲಿಯೂ ಭಾರತೀಯ ಊಟದ ಮನೆಗಳುಂಟು. ಕೋಬೆಯಲ್ಲಿ ಭಾರತದ ವರ್ತಕರು ಎರಡನೆಯ ಮಹಾಯುದ್ಧಕ್ಕೂ ಮುಂಚಿನಿಂದ ನೆಲೆಸಿದ್ದಾರೆ.

ಆದರೆ ಜಪಾನು ಮಾಂಸದ ಊಟಕ್ಕೆ ತೆರೆದುಕೊಂಡದ್ದು ತೀರ ಇತ್ತೀಚೆಗೆ ಎಂಬುದನ್ನು ಮರೆಯಬಾರದು. 675ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದನು. 1872ರಲ್ಲಿ ಮೇಜಿ ಚಕ್ರವರ್ತಿಯು ತಾನೇ ಮಾಂಸ ತಿಂದು ಬಹಿರಂಗವಾಗಿ ಮಾದರಿಯಾಗುವವರೆಗೆ ಆ ಸಂಕೋಚ ಒಂದಲ್ಲ ಒಂದು ಬಗೆಯಲ್ಲಿ ನಡೆದುಬಂದಿತು. ಬೌದ್ಧ ಮಠಗಳಲ್ಲಿ ‘ಶೋಜಿನ್’ ಎಂಬ ಶುದ್ಧ ಶಾಕಾಹಾರದ ಪದ್ಧತಿ ಇಂದಿಗೂ ಇದೆ. ಅಲ್ಲಿ ಸಾರಿಗೆ ಕೊಂಬು ಮತ್ತು ಒಣಗಿದ ಅಣಬೆ ಮಾತ್ರ. ನೀರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ವ್ರತದ ದಿನಗಳ ಅಡುಗೆಯನ್ನು ಬಲ್ಲ ಕನ್ನಡದ ಗೃಹಿಣಿಗೆ ಇದು ಪರಕೀಯವೆನಿಸದು. ಒಸಾಕಾದ ನಂಬಾ ನಿಲ್ದಾಣದಿಂದ ರೈಲು ಹತ್ತಿ, ಕೊನೆಯಲ್ಲಿ ಹಗ್ಗದಿಂದ ಎಳೆಯುವ ಗಾಡಿಯಲ್ಲಿ ಬೆಟ್ಟವೇರಿದರೆ, 816ರಲ್ಲಿ ಕೂಕಾಯಿ ಎಂಬ ಆಚಾರ್ಯರು ಸ್ಥಾಪಿಸಿದ ಕೋಯಾ ಪರ್ವತದ ಮಠಗಳು ದೊರೆಯುತ್ತವೆ. ಅಲ್ಲಿ ಒಂದು ರಾತ್ರಿ ತಂಗಿದವರಿಗೆ ಈ ಊಟ ಸಿಗುತ್ತದೆ. ಶಾಕಾಹಾರಿಯಾದ ಯಾತ್ರಿಕನು ಒಸಾಕಾಕ್ಕೆ ಬಂದು ಇದನ್ನು ಬಿಟ್ಟು ಹೋಗಬಾರದು.

ಅಂಗಡಿ ಬೀದಿ ಮತ್ತು ನೆಲಮಾಳಿಗೆ

ಊರನ್ನು ಅರಿಯುವ ಸುಲಭ ಮಾರ್ಗವೆಂದರೆ ಅದರ ಮನೆಯಾಕೆಯರು ಸಾಮಾನು ಕೊಳ್ಳುವ ಬೀದಿಯಲ್ಲಿ ನಡೆಯುವುದು. ಮಿನಾಮಿ ಭಾಗದ ಕುರೊಮೊನ್ ಮಾರುಕಟ್ಟೆ ಬಹು ಪ್ರಸಿದ್ಧ. ಆ ಕಾರಣದಿಂದಲೇ ಈಗ ಅಲ್ಲಿ ಊರಿನವರಿಗಿಂತ ಪರದೇಶದವರೇ ಹೆಚ್ಚು ಕಾಣುವರು. ತಿಳಿದವರು ಉತ್ತರಕ್ಕೆ ಹೋಗಿ ತೆನ್‌ಜಿಂಬಾಶಿಸುಜಿಯನ್ನು ಹಿಡಿಯುವರು. ಮೇಲ್ಚಾವಣಿಯುಳ್ಳ ಈ ಅಂಗಡಿ ಬೀದಿ ಸುಮಾರು 2.6 ಕಿಲೋಮೀಟರ್ ಉದ್ದವಾಗಿದ್ದು, ಜಪಾನಿನಲ್ಲಿಯೇ ಅತಿ ಉದ್ದವಾದುದೆಂದು ಹೆಸರಾಗಿದೆ. ಮಳೆಯ ದಿನವೂ ನೆನೆಯದೆ ನಡೆಯಬಹುದು. ಸೊಪ್ಪಿನ ಅಂಗಡಿ, ಹಳೆಯ ಪುಸ್ತಕದ ಅಂಗಡಿ, ಚಹಾದ ಅಂಗಡಿ ಎಲ್ಲವೂ ಸಾಲಾಗಿವೆ. ಇದರ ದಕ್ಷಿಣ ಭಾಗದಲ್ಲಿರುವ ತೆನ್‌ಮಂಗು ದೇಗುಲದ ಉತ್ಸವ ಜುಲೈ 24 ಮತ್ತು 25ರಂದು ನಡೆಯುತ್ತದೆ. ಎರಡನೆಯ ದಿನದ ಸಂಜೆ ನದಿಯಲ್ಲಿ ದೀಪದ ದೋಣಿಗಳ ಮೆರವಣಿಗೆ. ಏಪ್ರಿಲ್ ತಿಂಗಳಿನಲ್ಲಿ ಹೋದವರು ಸಮೀಪದ ಟಂಕಸಾಲೆಯನ್ನು ವಿಚಾರಿಸಬೇಕು. 1871ರಲ್ಲಿ ಆರಂಭವಾದ ಆ ಟಂಕಸಾಲೆಯ ಆವರಣದ ಚೆರ್ರಿ ಸಾಲುಗಳನ್ನು ಹೂವಿನ ಕಾಲದಲ್ಲಿ ಸುಮಾರು ಒಂದು ವಾರ ಸಾರ್ವಜನಿಕರಿಗೆ ತೆರೆದಿಡುವರು.

ಉಮೆದಾ ನಿಲ್ದಾಣದ ಸುತ್ತ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳಿವೆ. ಅವುಗಳ ನೆಲಮಾಳಿಗೆಯೆಲ್ಲ ತಿನಿಸಿನ ಪೇಟೆ. ಕಣ್ಣಿನಿಂದ ನೋಡಿ, ಬೆರಳಿನಿಂದ ತೋರಿಸಿ, ಬೇಕಾದಷ್ಟೇ ಕೊಳ್ಳಬಹುದಾದ್ದರಿಂದ ಭಾಷೆ ಬಾರದವರಿಗೆ ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಬಾಗಿಲು ಮುಚ್ಚುವ ಹೊತ್ತಿಗೆ ಅಂದಿನ ಅಡುಗೆಯ ಮೇಲೆ ರಿಯಾಯಿತಿಯ ಚೀಟಿ ಅಂಟಿಸುವರು. ಆಗ ಊರಿನ ಗೃಹಿಣಿಯರು ಎಲ್ಲಿಂದಲೋ ಬಂದು ನೆರೆಯುವರು.

ಅಲ್ಲಿಯ ಹಾಂಕ್ಯೂ ಅಂಗಡಿಯನ್ನು ರೈಲು ಕಂಪೆನಿಯ ಒಡೆಯರಾದ ಕೊಬಯಾಶಿ ಇಚಿಜೋ 1929ರಲ್ಲಿ ತೆರೆದರು. ರೈಲಿನ ಕೊನೆಯ ನಿಲ್ದಾಣದಲ್ಲಿಯೇ ಅಂಗಡಿ ಎಂಬುದು ಅಂದಿಗೆ ಹೊಸ ಕಲ್ಪನೆ. ಸ್ವಲ್ಪ ಕಾಲದಲ್ಲಿಯೇ ಆರ್ಥಿಕ ಮುಗ್ಗಟ್ಟು ಬಂದಿತು. ಕೈಯಲ್ಲಿ ಕಾಸಿಲ್ಲದ ಯುವಕರು ಅಂಗಡಿಯ ಊಟದ ಮನೆಗೆ ಬಂದು ಬರಿಯ ಅನ್ನವನ್ನು ಕೊಂಡು, ಮೇಜಿನ ಮೇಲೆ ಧರ್ಮಕ್ಕಿಟ್ಟಿದ್ದ ಸಾಸನ್ನು ಸುರಿದುಕೊಂಡು ಉಣ್ಣತೊಡಗಿದರು. ಇತರರಾಗಿದ್ದರೆ ಓಡಿಸುತ್ತಿದ್ದರು. ಕೊಬಯಾಶಿಯವರು ಅವರನ್ನು ಆದರದಿಂದ ಬರಮಾಡಿಕೊಂಡು, ಉಪ್ಪಿನಕಾಯಿಯನ್ನೂ ಬಡಿಸುವಂತೆ ಹೇಳಿದರಂತೆ. ಇಂದು ಬಡವರಾದ ಈ ಹುಡುಗರು ನಾಳೆ ಸಂಸಾರವಂದಿಗರಾಗಿ ಮಕ್ಕಳನ್ನು ಕರೆದುಕೊಂಡು ಇಲ್ಲಿಗೇ ಬರುವರೆಂಬುದು ಅವರ ಎಣಿಕೆ. ಕರುಣೆ ಯಾವುದು, ವ್ಯಾಪಾರ ಯಾವುದು ಎಂದು ಬೇರ್ಪಡಿಸಲು ಬಾರದಂತಹ ಈ ಬುದ್ಧಿಯೇ ಒಸಾಕಾದ ಬುದ್ಧಿ.

ಊಟದ ಮನೆಗಳ ಗಾಜಿನ ಕಪಾಟಿನಲ್ಲಿ ನಿಜವಾದ ಅಡುಗೆಯೆಂದೇ ಭ್ರಮೆ ಹುಟ್ಟಿಸುವ ಮಾದರಿಗಳಿರುತ್ತವೆ. ಇವಾಸಾಕಿ ತಕಿಜೋ ಎಂಬವರು 1932ರಲ್ಲಿ ಒಸಾಕಾದಲ್ಲಿ ಮೇಣದ ಮಾದರಿಗಳನ್ನು ಮಾಡುವ ಉದ್ಯಮವನ್ನು ಆರಂಭಿಸಿದರು. ಹೆಸರು ತಿಳಿಯದಿದ್ದರೆ ಅಂಗಡಿಯವನನ್ನು ಹೊರಗೆ ಕರೆದು ಮಾದರಿಯನ್ನು ತೋರಿಸಿದರಾಯಿತು; ಯಾರೂ ನಗುವುದಿಲ್ಲ. ನಂಬಾದ ಬಳಿಯ ದೋಗುಯಾಸುಜಿ ಎಂಬ ಪಾತ್ರೆ ಪರಟಿಯ ಬೀದಿಯಲ್ಲಿ ಈ ಮಾದರಿಗಳನ್ನೂ ಒಳ್ಳೆಯ ಕತ್ತಿಗಳನ್ನೂ ಕೊಳ್ಳಬಹುದು.

ಮಿತವ್ಯಯ ಬಯಸುವವರು ಇನ್ನೊಂದು ಮಾತನ್ನು ನೆನಪಿಡಬೇಕು: ರಾತ್ರಿ ಕೈಸುಡುವ ಭೋಜನಗೃಹವೂ ಮಧ್ಯಾಹ್ನ ಅನ್ನ, ಸಾರು, ಉಪ್ಪಿನಕಾಯಿ ಸಹಿತವಾದ ‘ತೇಶೊಕು’ ಊಟವನ್ನು ಅಗ್ಗವಾಗಿ ಕೊಡುವುದುಂಟು. ದೊಡ್ಡ ಊಟವನ್ನು ಹಗಲಿಗಿಟ್ಟುಕೊಂಡು, ರಾತ್ರಿ ಬೀದಿಯ ತಿನಿಸಿನಲ್ಲಿ ಕಳೆಯುವುದು ಜಾಣತನ. ಇನಾಮು ಕೊಡುವ ಪದ್ಧತಿ ಅಲ್ಲಿಲ್ಲ. ಮೇಜಿನ ಮೇಲೆ ಚಿಲ್ಲರೆ ಬಿಟ್ಟರೆ ಮರೆತಿರೆಂದು ಬೆನ್ನಟ್ಟಿ ಬಂದು ಕೊಡುವರು. ಸಣ್ಣ ಅಂಗಡಿಗಳಿಗಾಗಿ ಸ್ವಲ್ಪ ನಗದು ಹಣ ಜೊತೆಯಲ್ಲಿರಬೇಕು. ಚಲಿಸುವ ಮೆಟ್ಟಿಲುಗಳ ಮೇಲೆ ಟೋಕಿಯೋದಲ್ಲಿ ಎಡಕ್ಕೆ ನಿಲ್ಲುವರು, ಒಸಾಕಾದಲ್ಲಿ ಬಲಕ್ಕೆ. ಧನ್ಯವಾದಕ್ಕೆ ಈ ಊರಿನ ಮಾತು ‘ಓಕಿನಿ’; ಅದನ್ನು ಹೇಳಿದ ಪರದೇಶದವನಿಗೆ ಅಂಗಡಿಯಾಕೆ ನಗದೆ ಇರಲಾರಳು.

ಹಿಟ್ಟು, ಕಾವಲಿ, ಕಾಫಿ

ಒಸಾಕಾದ ಬೀದಿಯ ತಿನಿಸುಗಳೆಲ್ಲ ಹಿಟ್ಟಿನವು. ಕನ್ನಡ ನಾಡಿನ ಪಡ್ಡಿನ ಕಾವಲಿಯನ್ನು ಕಂಡವರಿಗೆ ‘ತಕೊಯಾಕಿ’ಯ ಕಾವಲಿ ಹೊಸದೆನಿಸುವುದಿಲ್ಲ. ಅದೇ ಗುಂಡು ಗುಳಿಗಳು, ಅದೇ ಚಳಕದಿಂದ ಮಗುಚುವ ಕೈ. ಒಳಗಿರುವುದು ಮಾತ್ರ ಅಷ್ಟಪದಿಯ ತುಂಡು. 1935ರಲ್ಲಿ ಎಂದೊ ತೊಮೆಕಿಚಿ ಎಂಬ ಗಾಡಿಯ ವ್ಯಾಪಾರಿಯು ಇದನ್ನು ಮಾಡಿದನೆಂದು ಪ್ರಸಿದ್ಧಿ. ಅವನು ಮೊದಲು ಗೋಮಾಂಸದ ಚೂರುಗಳನ್ನಿಟ್ಟು ಮಾರುತ್ತಿದ್ದನು. ಅಕಾಶಿ ಪಟ್ಟಣದಲ್ಲಿ ಅಷ್ಟಪದಿಯನ್ನು ಹಾಕುವರೆಂದು ಗಿರಾಕಿಯೊಬ್ಬನು ಹೇಳಿದ ಮಾತಿನಿಂದ ಊರಿಗೊಂದು ಹೊಸ ತಿನಿಸು ಹುಟ್ಟಿತು. ತಿನ್ನುವವರು ಆತುರಪಡಬಾರದು, ಹೊರಗೆ ಆರಿದಂತೆ ಕಂಡರೂ ಒಳಗೆ ಕೆಂಡ. ‘ಒಕೊನೊಮಿಯಾಕಿ’ಯು ಎಲೆಕೋಸನ್ನು ಹಿಟ್ಟಿನಲ್ಲಿ ಕಲಸಿ ಹಂಚಿನ ಮೇಲೆ ದಪ್ಪಗೆ ಹುಯ್ದ ರೊಟ್ಟಿ. ಅನೇಕ ಅಂಗಡಿಗಳಲ್ಲಿ ಗಿರಾಕಿಯ ಮೇಜಿನಲ್ಲಿಯೇ ಹಂಚಿರುತ್ತದೆ. ಪುಟ್ಟ ಮಗುಚುವ ಕೈಯಿಂದಲೇ ಕತ್ತರಿಸಿ ತಿನ್ನುವುದು ಊರಿನ ರೂಢಿ.

ದಕ್ಷಿಣದ ಶಿನ್‌ಸೆಕಾಯಿ 1903ರ ಕೈಗಾರಿಕಾ ವಸ್ತುಪ್ರದರ್ಶನ ನಡೆದ ಬಯಲಿನಲ್ಲಿ ಎದ್ದ ಕೇರಿ. ಅಲ್ಲಿಯ ತ್ಸೂತೆನ್‌ಕಾಕು ಗೋಪುರವನ್ನು 1912ರಲ್ಲಿ ಮೊದಲು ಕಟ್ಟಿದರು. 1943ರ ಬೆಂಕಿಗೆ ಸಿಕ್ಕಿದ ಮೇಲೆ ಅದನ್ನು ಕಳಚಿದರು, ಈಗಿನದು 1956ರದು. ಕಡ್ಡಿಗೆ ಚುಚ್ಚಿ ಕರಿದ ‘ಕುಶಿಕಾತ್ಸು’ ಈ ಕೇರಿಯ ಕೂಲಿಕಾರರ ಆಹಾರವಾಗಿದ್ದಿತು. ಎಲ್ಲರಿಗೂ ಒಂದೇ ಸಾಸಿನ ತಟ್ಟೆಯಿದ್ದುದರಿಂದ ಒಮ್ಮೆ ಅದ್ದಿ ಕಚ್ಚಿದ ಕಡ್ಡಿಯನ್ನು ಮತ್ತೆ ಅದ್ದಕೂಡದೆಂಬುದು ಕಟ್ಟುನಿಟ್ಟಾದ ನಿಯಮ. ಇನ್ನೂ ಸಾಸು ಬೇಕಿದ್ದರೆ ಎಲೆಕೋಸಿನ ತುಂಡಿನಿಂದ ಮೊಗೆದುಕೊಳ್ಳಬೇಕು. ಎಂಜಲಿನ ವಿಚಾರದಲ್ಲಿ ಈ ಊರು ಭಾರತೀಯರಿಗೆ ಪಾಠ ಹೇಳಬೇಕಾಗಿಲ್ಲ. 2020ರ ಸಾಂಕ್ರಾಮಿಕದ ಬಳಿಕ ಅನೇಕ ಅಂಗಡಿಗಳು ಸಾಸನ್ನು ಶೀಸೆಗಳಲ್ಲಿ ಕೊಡತೊಡಗಿವೆ. ಇಲ್ಲಿ ಬದನೆ, ಅಣಬೆ, ಕಮಲದ ಗೆಡ್ಡೆಗಳನ್ನೂ ಕರಿಯುವರು; ಕರಿಯುವ ಎಣ್ಣೆ ಮಾತ್ರ ಎಲ್ಲಕ್ಕೂ ಒಂದೇ ಎಂಬುದನ್ನು ಶಾಕಾಹಾರಿಗಳು ಗಮನಿಸಬೇಕು.

1958ನೆಯ ವರ್ಷ ಈ ಊರಿಗೆ ಶುಭವರ್ಷ. ಸಮೀಪದ ಇಕೆದಾದಲ್ಲಿ ಅಂದೊ ಮೊಮೊಫುಕು ಎಂಬವರು ಬಿಸಿನೀರು ಹುಯ್ದರೆ ಸಿದ್ಧವಾಗುವ ಶಾವಿಗೆಯನ್ನು ಹೊರತಂದರು. ಯುದ್ಧಾನಂತರ ಚಳಿಯಲ್ಲಿ ಒಂದು ಬಟ್ಟಲು ಶಾವಿಗೆಗಾಗಿ ಸಾಲುಗಟ್ಟಿ ನಿಂತವರನ್ನು ಕಂಡದ್ದೇ ಅವರ ಪ್ರಯತ್ನಕ್ಕೆ ಪ್ರೇರಣೆ. ಅದೇ ವರ್ಷ ಇನ್ನೊಂದು ಕಡೆ ಶಿರಾಯಿಶಿ ಯೊಶಿಯಾಕಿ ಎಂಬವರು, ಬಿಯರು ಕಾರ್ಖಾನೆಯಲ್ಲಿ ಪಟ್ಟಿಯ ಮೇಲೆ ಸಾಗುವ ಶೀಸೆಗಳನ್ನು ಕಂಡು, ಗಿರಾಕಿಯ ಮುಂದೆ ತಟ್ಟೆಗಳು ತಾವೇ ಸುತ್ತಿ ಬರುವ ಸುಶಿ ಅಂಗಡಿಯನ್ನು ತೆರೆದರು. ಶ್ರೀಮಂತರ ತಿನಿಸು ಸಾಮಾನ್ಯರ ಕೈಗೆಟುಕಿತು. ಇಕೆದಾದಲ್ಲಿ ಈಗ ಶಾವಿಗೆಯ ವಸ್ತುಸಂಗ್ರಹಾಲಯವಿದೆ. ಮಕ್ಕಳೊಡನೆ ಹೋದವರಿಗೆ ಅರ್ಧ ದಿನ ಸುಖವಾಗಿ ಕಳೆಯುತ್ತದೆ.

ಪಾನಪ್ರಿಯರಿಗೂ ಈ ಸೀಮೆ ಹೆಸರಾದುದು. ಅಕ್ಕಿಯ ಮದ್ಯಕ್ಕೆ ಪ್ರಸಿದ್ಧವಾದ ನಾದಾ ಹಳ್ಳಿಗಳು ಕೋಬೆಯ ದಾರಿಯಲ್ಲಿವೆ. ಕ್ಯೋಟೋದ ದಾರಿಯಲ್ಲಿರುವ ಯಾಮಾಜಾಕಿಯಲ್ಲಿ ಜಪಾನಿನ ಮೊದಲ ಮಾಲ್ಟ್ ವಿಸ್ಕಿ ಭಟ್ಟಿಯನ್ನು 1923ರಲ್ಲಿ ಸ್ಥಾಪಿಸಿದರು. ಮದ್ಯದ ಅಂಗಡಿಯಲ್ಲಿ ಕುಳಿತೊಡನೆ ಕೇಳದೆಯೇ ಒಂದು ಚಿಕ್ಕ ಬಟ್ಟಲು ತಿನಿಸು ಬಂದರೆ ಅದು ಉಚಿತವಲ್ಲ, ಆಸನದ ಬಾಡಿಗೆಯೆಂದು ತಿಳಿಯಬೇಕು. ಮದ್ಯ ಮುಟ್ಟದವರಿಗೆ ಹಳೆಯ ಮಾದರಿಯ ಕಾಫಿ ಅಂಗಡಿಗಳುಂಟು. ಮಬ್ಬು ದೀಪ, ಮೆತ್ತನೆಯ ಆಸನ, ದಪ್ಪಗೆ ಸುಟ್ಟ ರೊಟ್ಟಿಯ ತುಂಡು. ಎಷ್ಟು ಹೊತ್ತು ಕುಳಿತರೂ ಏಳೆನ್ನುವವರಿಲ್ಲ. ಹಾಲು ಮತ್ತು ಹಣ್ಣುಗಳನ್ನು ಸೇರಿಸಿ ಕಡೆದ ಪಾನೀಯ ಈ ಊರಿನ ಮಕ್ಕಳಿಗೆ ಪ್ರಿಯ.

ದೀಪದ ಬೀದಿಯ ಹಿಂದಿನ ಓಣಿ

ಕೊನೆಗೆ ಎಲ್ಲರೂ ಬಂದು ಸೇರುವುದು ದೋತೊನ್‌ಬೊರಿಗೆ. 1612ರಲ್ಲಿ ಆರಂಭಿಸಿ 1615ರಲ್ಲಿ ಮುಗಿಸಿದ ಕಾಲುವೆಯಿದು. ತೋಡಿಸಲು ತೊಡಗಿದ ದೋತೊನ್ ಎಂಬವನು ಅದು ಮುಗಿಯುವ ಮೊದಲೇ ಯುದ್ಧದಲ್ಲಿ ಮಡಿದನು. ಅವನ ಹೆಸರು ನೀರಿಗೆ ಉಳಿಯಿತು. ಒಂದು ಕಾಲಕ್ಕೆ ದಡದ ತುಂಬ ನಾಟಕಶಾಲೆಗಳಿದ್ದವು, ಪ್ರೇಕ್ಷಕರಿಗಾಗಿ ಊಟದ ಮನೆಗಳು ಬಂದವು. ಇಂದು ನಾಟಕಶಾಲೆಗಳೆಲ್ಲ ಹೆಚ್ಚುಕಡಮೆ ಮಾಯವಾಗಿವೆ. ಕಾಲಾಡಿಸುವ ದೈತ್ಯ ಏಡಿ, ಎರಡು ಕೈಗಳನ್ನೂ ಎತ್ತಿ ಓಡುವ ಮಿಠಾಯಿ ಕಂಪೆನಿಯ ಕ್ರೀಡಾಪಟು, ಇವರ ಬೆಳಕು ನೀರಿನಲ್ಲಿ ನಲಿಯುತ್ತದೆ. ಸೇತುವೆಯ ಮೇಲೆ ನಿಂತು ಕಣ್ತುಂಬ ನೋಡತಕ್ಕದ್ದು. ಆದರೆ ಅತಿ ದೊಡ್ಡ ದೀಪದ ಕೆಳಗೆ ಉಣ್ಣಬಾರದೆಂದು ಊರಿನವರ ಬುದ್ಧಿವಾದ. ದೀಪದ ಖರ್ಚನ್ನು ತೆರುವವನು ಗಿರಾಕಿಯೇ ಅಲ್ಲವೆ?

ಈ ಬೆಳಕುಗಳೂ ಶಾಶ್ವತವಲ್ಲ. ಊರಿನ ಬಿರುದನ್ನೇ ಹೆಸರಾಗಿ ಇಟ್ಟುಕೊಂಡು 1949ರಲ್ಲಿ ತೆರೆದ ದೊಡ್ಡ ಭೋಜನಗೃಹವು 2008ರಲ್ಲಿ ಮುಚ್ಚಿತು. ಅದರ ಬಾಗಿಲಿನಲ್ಲಿ ತಮಟೆ ಬಡಿಯುತ್ತಿದ್ದ ಯಂತ್ರದ ಬೊಂಬೆಗೆ ಊರೇ ಕಣ್ಣೀರಿಟ್ಟು, ಮರುವರ್ಷ ಅದನ್ನು ಮತ್ತೆ ಬೀದಿಗೆ ತಂದು ನಿಲ್ಲಿಸಿತು. ಫುಗು ಮೀನಿನ ಆಕಾರದ ಬೃಹತ್ ಕಾಗದದ ದೀಪವು 2020ರಲ್ಲಿ ಶಿನ್‌ಸೆಕಾಯಿಯಿಂದ ಇಳಿಯಿತು.

ದೀಪದ ಬೀದಿಗೆ ಬೆನ್ನು ಮಾಡಿ ಒಂದು ಓಣಿ ಒಳಗೆ ಹೋದರೆ ಹೊಜೆನ್‌ಜಿ ಗುಡಿ. 1945ರ ಬಾಂಬಿನ ಬೆಂಕಿಯಲ್ಲಿ ಗುಡಿ ಸುಟ್ಟರೂ ಅಲ್ಲಿಯ ಫುದೊ ದೇವರ ಶಿಲೆ ಉಳಿಯಿತು. ಹರಕೆ ಹ��ತ್ತವರು ತಂಬಿಗೆಯಿಂದ ನೀರೆರೆದು ಎರೆದು ಮೂರ್ತಿಯ ಮೈಯೆಲ್ಲ ಹಸುರು ಪಾಚಿಯಿಂದ ಮುಚ್ಚಿಹೋಗಿದೆ. ಮುಖದ ರೂಪರೇಖೆ ಕಾಣದು. ಗುಡಿಯ ಪಕ್ಕದಲ್ಲಿ ಕಲ್ಲು ಹಾಸಿದ ಕಿರಿದಾದ ಓಣಿ. ಎರಡೂ ಬದಿಗೆ ಹತ್ತೆಂಟು ಆಸನಗಳ ಚಿಕ್ಕ ಅಂಗಡಿಗಳು.

2002ರಲ್ಲಿ ಹತ್ತಿರದ ಹಳೆಯ ನಾಟಕಶಾಲೆಯನ್ನು ಕೆಡವುತ್ತಿರುವಾಗ ಬೆಂಕಿ ಬಿದ್ದು ಓಣಿಯ ಅಂಗಡಿಗಳು ಸುಟ್ಟವು. ಮರುವರ್ಷ ಮತ್ತೊಮ್ಮೆ ಬೆಂಕಿ. ಹೊಸದಾಗಿ ಕಟ್ಟುವುದಾದರೆ ಕಟ್ಟಡದ ಕಾಯಿದೆಯಂತೆ ಬೀದಿಯು 4 ಮೀಟರ್ ಅಗಲವಿರಬೇಕು. ಓಣಿಯನ್ನು ಅಷ್ಟು ಅಗಲಮಾಡಿದರೆ ಓಣಿಯೇ ಉಳಿಯದು. ಚಿಕ್ಕ ಅಂಗಡಿಗಳಿಗೆ ಜಾಗವಿರದು. ಅಂಗಡಿಯವರು ಜನರ ಬಳಿಗೆ ಹೋದರು. ಲಕ್ಷಗಟ್ಟಲೆ ಜನ ರುಜು ಹಾಕಿದರು. ನಗರಾಡಳಿತವು ಓಣಿಯ ಕಟ್ಟಡಗಳನ್ನೆಲ್ಲ ಒಟ್ಟಾಗಿ ಪರಿಗಣಿಸಿ, ಬೆಂಕಿಯಿಂದ ರಕ್ಷಣೆಯ ಏರ್ಪಾಟುಗಳನ್ನು ವಿಧಿಸಿ, ಹಳೆಯ ಇಕ್ಕಟ್ಟನ್ನು ಹಾಗೆಯೇ ಉಳಿಸಲು ಒಪ್ಪಿತು. ಜಗತ್ತಿನ ನಗರಗಳೆಲ್ಲ ರಸ್ತೆಯನ್ನು ಅಗಲಮಾಡಿರೆಂದು ಅರ್ಜಿ ಬರೆಯುತ್ತಿರುವಾಗ, ಕಿರಿದಾಗಿಯೇ ಇರಲೆಂದು ರುಜು ಹಾಕಿದ ಊರಿದು. ಅಗಲವಾದ ಬೀದಿಯಲ್ಲಿ ಗಿರಾಕಿ ದೊರೆಯುವನು. ನೆರೆಯವನು ದೊರೆಯುವುದು ಓಣಿಯಲ್ಲಿಯೇ ಎಂಬುದನ್ನು ಅವರು ಬಲ್ಲರು.

ಆ ಓಣಿಯ ಬಳಿಯ ಒಂದು ಅಂಗಡಿಯಲ್ಲಿ ಪ್ರವಾಸವನ್ನು ಮುಗಿಸುವುದು ಲೇಸು. ಒಸಾಕಾದ ಮಗನಾದ ಕಾದಂಬರಿಕಾರ ಓದಾ ಸಕುನೊಸುಕೆ 1940ರಲ್ಲಿ ಬರೆದ ‘ಮೆವೊತೊ ಜೆನ್‌ಜಾಯಿ’ ಎಂಬ ಕಥೆಗೆ ಹೆಸರು ಕೊಟ್ಟ ಅಂಗಡಿಯದು. ಮನೆಯಿಂದ ಹೊರಹಾಕಲ್ಪಟ್ಟ ಶ್ರೀಮಂತರ ಮಗ, ಅವನನ್ನು ಹೊತ್ತು ಸಾಗುವ ದುಡಿಮೆಯ ಹೆಣ್ಣು. ಇವರಿಬ್ಬರ ಬಾಳಿನ ಕಥೆಯದು. ಆತನಿಗೆ ಬೇರೇನೂ ಬಾರದಿದ್ದರೂ ಊರಿನ ರುಚಿಯೆಲ್ಲ ಸಣ್ಣ ಅಂಗಡಿಗಳಲ್ಲಿದೆಯೆಂಬುದು ಗೊತ್ತು. ಹೆಸರಿನ ಅರ್ಥ ‘ದಂಪತಿಗಳ ಪಾಯಸ’. ಕೆಂಪು ಅಜುಕಿ ಕಾಳನ್ನು ಸಕ್ಕರೆಯಲ್ಲಿ ಬೇಯಿಸಿ ಅಂಟಕ್ಕಿಯ ಉಂಡೆಯನ್ನಿಟ್ಟ ಸಿಹಿ. ಮೀನಿಲ್ಲ, ಮಾಂಸವಿಲ್ಲ; ಶಾಕಾಹಾರಿಯೂ ನಿಶ್ಚಿಂತೆಯಿಂದ ಸವಿಯಬಹುದು.

ಒಬ್ಬನೇ ಹೋಗಿ ಒಂದು ಕೇಳಿದರೂ ತಟ್ಟೆಯಲ್ಲಿ ಎರಡು ಬಟ್ಟಲುಗಳು ಬರುತ್ತವೆ. ಪ್ರಮಾಣ ಒಬ್ಬರದೇ, ಎರಡಾಗಿ ಹಂಚಿದರೆ ಹೆಚ್ಚಾಗಿ ಕಾಣುತ್ತದೆಯೆಂಬುದು ವರ್ತಕನ ಉಪಾಯ. ಜೊತೆಗೆ ನಂಜಿಕೊಳ್ಳಲು ಚಿಟಿಕೆಯಷ್ಟು ಉಪ್ಪು ಕೊಂಬು. ಉಪಾಯವೆಂದು ತಿಳಿದೇ ಊರಿನ ದಂಪತಿಗಳು ಬಂದು, ಒಂದನ್ನು ತರಿಸಿ, ಒಬ್ಬೊಬ್ಬರು ಒಂದೊಂದು ಬಟ್ಟಲನ್ನು ಎತ್ತಿಕೊಳ್ಳುವರು. ಒಂದರ ಬೆಲೆಯಲ್ಲಿ ಇಬ್ಬರ ಸಂತೋಷ! ಉಂಡು ಹಾಳಾಗುವ ಊರಿನವರ ಲೆಕ್ಕ ಇಷ್ಟು ಪಕ್ಕಾ ಇರುವಾಗ, ಅವರು ದಿವಾಳಿಯೆದ್ದರೆಂಬ ಗಾದೆಯನ್ನು ಕಟ್ಟಿದವರು ಬಹುಶಃ ಕ್ಯೋಟೋದವರೇ ಇರಬೇಕು.